ಅಮೀನ್‌ಪುರದ ದಡದ ಹಕ್ಕಿಗಳು

ಮಿಯಾಪುರದಲ್ಲಿ ಮನೆ ಮಾಡಿರುವ ಕನ್ನಡಿಗರು ಒಂದು ಭಾನುವಾರ ಮಾಲ್ ಬಿಟ್ಟು ಅಮೀನ್‌ಪುರದ ಪೆದ್ದ ಚೆರುವಿಗೆ ಹೋಗಿಬನ್ನಿ. ಕುತುಬ್‌ಶಾಹಿಗಳ ಕಾಲದ ಕೆರೆ. ಮೆಟ್ರೋ ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರ, ಆದರೆ ಜಿಲ್ಲೆ ಸಂಗಾರೆಡ್ಡಿ. 2016ರಲ್ಲಿ ತೆಲಂಗಾಣ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ನಗರದ ಕೆರೆಯೊಂದಕ್ಕೆ ಆ ಮಾನ ಸಿಕ್ಕಿದ್ದು ದೇಶದಲ್ಲೇ ಮೊದಲು. (ಇಂಥ ತಾಣಗಳಲ್ಲೆಲ್ಲ ಮೊದಲನೆಯದು ನಮ್ಮ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು, 2007ರಲ್ಲಿ.)

ಘೋಷಣೆಯೇನೋ ಆಯಿತು. ಸುತ್ತ ಅಪಾರ್ಟ್‌ಮೆಂಟ್‌ಗಳು ಏಳುವುದು ನಿಲ್ಲಲಿಲ್ಲ. 2024ರಲ್ಲಿ ಹೈಡ್ರಾದವರು ಅಮೀನ್‌ಪುರ ಮಂಡಲಕ್ಕೆ ಜೆಸಿಬಿ ತಂದು ಒತ್ತುವರಿ ಕಟ್ಟಡಗಳನ್ನು ಕೆಡವಿದರು. ಒತ್ತುವರಿ ತೆಗೆಯುವುದು ಸರಿಯೇ. ನನಗೆ ಭಯವಿರುವುದು ಆಮೇಲಿನ ‘ಸುಂದರೀಕರಣ’ದ ಬಗ್ಗೆ. ನಮ್ಮ ನಗರಗಳಲ್ಲಿ ಕೆರೆ ಉಳಿಸುವುದೆಂದರೆ ದಡಕ್ಕೆ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಹಾಕಿ, ದೀಪ ನೆಡುವುದು. ಹಕ್ಕಿಗೆ ಬೇಕಿರುವುದು ನಾವು ಹೊಲಸು ಎನ್ನುವ ಜಾಗವೇ: ಮೊಣಕಾಲುದ್ದ ನೀರು, ಕೆಸರು, ಜೊಂಡು. ರಾಜಹಂಸ ಕೊಕ್ಕನ್ನು ತಲೆಕೆಳಗು ಮಾಡಿ ಆ ಕೆಸರುನೀರನ್ನೇ ಸೋಸಿ ಉಣ್ಣುತ್ತದೆ. ಕಲ್ಲಿನ ಗೋಡೆಯಿಂದ ನೇರ ಆಳಕ್ಕಿಳಿಯುವ ಕೆರೆಯಲ್ಲಿ ಅದು ಎಲ್ಲಿ ನಿಲ್ಲಬೇಕು?

ಇನ್ನು ಬೆಂಕಿ. ಬೇಸಿಗೆಯಲ್ಲಿ ಕೆರೆಯಂಚಿನ ಒಣಹುಲ್ಲಿಗೂ ಕಸಕ್ಕೂ ಕಡ್ಡಿ ಗೀರುವುದು ಎಲ್ಲ ಊರಲ್ಲೂ ಇದೆ. ಅದೇ ತಿಂಗಳುಗಳಲ್ಲಿ ಟಿಟ್ಟಿಭ ಬರಿ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಮಳೆ ಬಿದ್ದರೆ ಹುಲ್ಲು ಎರಡು ವಾರದಲ್ಲಿ ಚಿಗುರಿ ಸುಟ್ಟ ಗುರುತನ್ನೇ ಮುಚ್ಚುತ್ತದೆ. ಬೆಂದ ಮೊಟ್ಟೆಗಳ ಲೆಕ್ಕ ಯಾರೂ ಇಡುವುದಿಲ್ಲ. ಜೊಂಡು ಸುಟ್ಟರೆ ಗೀಜಗಕ್ಕೂ ತೊಂದರೆಯೇ. ಗೀಜಗವನ್ನು ಇಲ್ಲಿಯವರು ‘ಗಿಜಿಗಾಡು’ ಎನ್ನುತ್ತಾರೆ. ಮಕ್ಕಳಿಗೆ ಎರಡು ಭಾಷೆ ಒಟ್ಟಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ, ಬಿಸಿಲೇರುವ ಮುಂಚೆ. ಗಾಢ ಬಣ್ಣದ ಬಟ್ಟೆ ಬೇಡ, ಮೊಬೈಲಿನಲ್ಲಿ ಹಾಡು ಬೇಡ. ರಾಜಹಂಸ ಕಾಣಬಹುದು, ಕಾಣದೆಯೂ ಇರಬಹುದು. ನಾಮದ ಕೋಳಿಯನ್ನು ಗುರುತಿಸಲು ದುರ್ಬೀನೂ ಬೇಡ: ಮೈಯೆಲ್ಲ ಕಪ್ಪು, ಹಣೆಯಲ್ಲಿ ಬಿಳಿ ನಾಮ.