ಯೀಸ್ಟ್‌ನಲ್ಲಿ ಸೆಲೆನಿಯಮ್‌ಯುಕ್ತ ಅಮೈನೊ ಆಮ್ಲಗಳ ಚಯಾಪಚಯ

ಗಂಧಕದ ಪರಮಾಣು ಇರಬೇಕಾದ ಸ್ಥಾನದಲ್ಲಿ ಸೆಲೆನಿಯಮ್ ಪರಮಾಣುವನ್ನು ಹೊಂದಿರುವ ಅಮೈನೊ ಆಮ್ಲಗಳನ್ನು ಸೆಲೆನಿಯಮ್‌ಯುಕ್ತ ಅಮೈನೊ ಆಮ್ಲಗಳೆಂದು ಕರೆಯುತ್ತಾರೆ. ಸೆಲೆನೊಮೆಥಿಯೊನಿನ್ ಮತ್ತು ಸೆಲೆನೊಸಿಸ್ಟೀನ್ ಇವುಗಳಲ್ಲಿ ಮುಖ್ಯವಾದವು. ಬ್ರೆಡ್ ಮತ್ತು ಬಿಯರ್ ತಯಾರಿಕೆಯಲ್ಲಿ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಇವುಗಳಿಗಾಗಿ ಪ್ರತ್ಯೇಕ ವ್ಯವಸ್ಥೆಯನ್ನು ಹೊಂದಿಲ್ಲ. ಗಂಧಕಯುಕ್ತ ಅಮೈನೊ ಆಮ್ಲಗಳ ಮಾರ್ಗದಲ್ಲಿಯೇ ಇವೂ ಸಾಗುತ್ತವೆ. ಆ ಮಾರ್ಗದ ಮೊದಲ ಭಾಗದಲ್ಲಿ ಸೆಲೆನಿಯಮ್ ಬಹುಮಟ್ಟಿಗೆ ನಿರಪಾಯಕಾರಿ. ಮುಂದಿನ ಭಾಗದಲ್ಲಿ ಅದು ವಿಷವಾಗುತ್ತದೆ.

ಹಿನ್ನೆಲೆ

ಸೆಲೆನಿಯಮ್ ಧಾತುವನ್ನು ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೆಲಿಯಸ್ 1817ರಲ್ಲಿ ಗುರುತಿಸಿದನು. ಇದರ ಪರಮಾಣು ಸಂಖ್ಯೆ 34. ಆವರ್ತ ಕೋಷ್ಟಕದ 16ನೆಯ ಗುಂಪಿನಲ್ಲಿ ಇದು ಗಂಧಕದ ಕೆಳಗೆ ಇರುವುದರಿಂದ ಎರಡರ ರಾಸಾಯನಿಕ ಗುಣಗಳಲ್ಲಿ ಬಹಳ ಹೋಲಿಕೆಯಿದೆ. ಬಹುಕಾಲ ಸೆಲೆನಿಯಮ್ಮನ್ನು ಕೇವಲ ವಿಷವೆಂದು ಭಾವಿಸಲಾಗಿತ್ತು. ಟೊರುಲಾ ಎಂಬ ಯೀಸ್ಟನ್ನು ಪ್ರಧಾನ ಆಹಾರವಾಗಿ ಪಡೆದ ಇಲಿಗಳ ಯಕೃತ್ತು ನಾಶವಾಗುತ್ತಿತ್ತು. ಬಿಯರ್ ಯೀಸ್ಟನ್ನು ಸೇರಿಸಿದರೆ ಈ ರೋಗ ಬರುತ್ತಿರಲಿಲ್ಲ. ಇಂತಹ ರಕ್ಷಕ ಅಂಶದಲ್ಲಿ ಸೆಲೆನಿಯಮ್ ಇರುವುದನ್ನು ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ 1957ರಲ್ಲಿ ತೋರಿಸಿದ ಮೇಲೆ ಅದು ಅಲ್ಪ ಪ್ರಮಾಣದಲ್ಲಿ ಅಗತ್ಯವಾದ ಪೋಷಕಾಂಶವೆಂಬುದು ತಿಳಿದುಬಂದಿತು.

ಪ್ರೊಟೀನಿನಲ್ಲಿ ಸೇರ್ಪಡೆ

ಮೆಥಿಯೊನಿನ್ನನ್ನು ಒಳಗೊಯ್ಯುವ ಕೋಶಪೊರೆಯ ಸಾಗಣೆ ಪ್ರೊಟೀನುಗಳೇ ಸೆಲೆನೊಮೆಥಿಯೊನಿನ್ನನ್ನೂ ಜೀವಕೋಶದೊಳಕ್ಕೆ ಒಯ್ಯುತ್ತವೆ. ಮೆಥಿಯೊನಿನ್ನನ್ನು ವಾಹಕ ಆರ್‌ಎನ್‌ಎಗೆ ಜೋಡಿಸುವ ಕಿಣ್ವವು ಇವೆರಡರ ನಡುವೆ ಭೇದವೆಣಿಸುವುದಿಲ್ಲ. ಹೀಗಾಗಿ ಪ್ರೊಟೀನಿನಲ್ಲಿ ಮೆಥಿಯೊನಿನ್ ಇರಬೇಕಾದ ಯಾವುದೇ ಸ್ಥಾನದಲ್ಲಿ ಸೆಲೆನೊಮೆಥಿಯೊನಿನ್ ಸೇರಬಹುದು. ಎಷ್ಟು ಸೇರುತ್ತದೆ ಎಂಬುದು ಜೀವಕೋಶದಲ್ಲಿರುವ ಎರಡರ ಅನುಪಾತವನ್ನು ಅವಲಂಬಿಸಿದೆ. ಈ ಅಣುವಿನಲ್ಲಿ ಸೆಲೆನಿಯಮ್ ಎರಡು ಇಂಗಾಲದ ಪರಮಾಣುಗಳ ನಡುವೆ ಬಂಧಿತವಾಗಿರುವುದರಿಂದ ಪ್ರೊಟೀನಿನ ಕಾರ್ಯಕ್ಕೆ ಸಾಮಾನ್ಯವಾಗಿ ದೊಡ್ಡ ಅಡ್ಡಿಯಾಗುವುದಿಲ್ಲ.

ಸೆಲೆನೊಸಿಸ್ಟೀನ್ ಆಗಿ ಪರಿವರ್ತನೆ

ಸೆಲೆನೊಮೆಥಿಯೊನಿನ್ನಿನ ಇನ್ನೊಂದು ಪಾಲು ಎಟಿಪಿಯೊಂದಿಗೆ ಸೇರಿ ಅಡೆನೊಸಿಲ್ ಸೆಲೆನೊಮೆಥಿಯೊನಿನ್ ಆಗುತ್ತದೆ. ಅದು ತನ್ನ ಮೀಥೈಲ್ ಗುಂಪನ್ನು ಬೇರೆ ಅಣುಗಳಿಗೆ ನೀಡಿದ ಬಳಿಕ ಕ್ರಮವಾಗಿ ಸೆಲೆನೊಹೋಮೊಸಿಸ್ಟೀನ್, ಸೆಲೆನೊಸಿಸ್ಟಾಥಿಯೊನಿನ್ ಮತ್ತು ಕೊನೆಗೆ ಸೆಲೆನೊಸಿಸ್ಟೀನ್ ಉಂಟಾಗುತ್ತವೆ. ಇಲ್ಲಿ ಸೆಲೆನಿಯಮ್ಮಿನ ಒಂದು ಬದಿ ತೆರೆದುಕೊಂಡಿರುತ್ತದೆ. ಇಂತಹ ಅಣುಗಳು ಗಂಧಕದ ಸಂವಾದಿ ಅಣುಗಳಿಗಿಂತ ಹೆಚ್ಚು ಕ್ರಿಯಾಶೀಲವಾಗಿದ್ದು, ಸುಲಭವಾಗಿ ಉತ್ಕರ್ಷಣೆಗೊಳ್ಳುತ್ತವೆ. ಸಿಸ್ಟೀನ್‌ಗೆ ಬದಲಾಗಿ ಸೆಲೆನೊಸಿಸ್ಟೀನ್ ಸೇರಿದ ಪ್ರೊಟೀನುಗಳು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತವೆ; ಜೀವಕೋಶದ ಬೆಳವಣಿಗೆ ಕುಂಠಿತವಾಗುತ್ತದೆ.

ಅಡೆನೊಸಿಲ್ ಮೆಥಿಯೊನಿನ್ ತಯಾರಿಸುವ ಎರಡು ಜೀನುಗಳನ್ನು ತೆಗೆದುಹಾಕಿದ ಯೀಸ್ಟ್ ತಳಿಗಳು, ಆ ಅಣುವನ್ನು ಹೊರಗಿನಿಂದ ಒದಗಿಸಿದರೆ, ಸೆಲೆನೊಮೆಥಿಯೊನಿನ್ ಇದ್ದರೂ ಬೆಳೆಯುತ್ತವೆ. ವಿಷತ್ವದ ಮೂಲವು ಸೆಲೆನೊಮೆಥಿಯೊನಿನ್ನಿನಲ್ಲಿ ಅಲ್ಲ, ಅದರ ಮುಂದಿನ ಪರಿವರ್ತನೆಯಲ್ಲಿದೆ ಎಂಬುದಕ್ಕೆ ಇದು ಆಧಾರ. ಸೆಲೆನಿಯಮ್ ತುಂಬಿದ ಪ್ರೊಟೀನುಗಳನ್ನು ಇಂತಹ ತಳಿಗಳಲ್ಲಿ ತಯಾರಿಸಿ, ಕ್ಷ-ಕಿರಣಗಳ ಮೂಲಕ ಅವುಗಳ ರಚನೆಯನ್ನು ಅಧ್ಯಯನ ಮಾಡುತ್ತಾರೆ.

ಮಾನವನೊಂದಿಗೆ ಹೋಲಿಕೆ

ಸೆಲೆನೊಸಿಸ್ಟೀನನ್ನು 21ನೆಯ ಅಮೈನೊ ಆಮ್ಲವೆಂದು ಕರೆಯುವುದುಂಟು. ಮಾನವನಲ್ಲಿ ಯುಜಿಎ ಎಂಬ ಸಂಕೇತದ ಮೂಲಕ ಅದನ್ನು ನಿಗದಿತ ಸ್ಥಾನದಲ್ಲಿ ಸೇರಿಸುವ ವಿಶೇಷ ವ್ಯವಸ್ಥೆಯಿದ್ದು, ಇಂತಹ ಪ್ರೊಟೀನುಗಳಿಗೆ 25 ಜೀನುಗಳಿವೆ. ಈ ಯೀಸ್ಟ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ. ಆದುದರಿಂದ ಯೀಸ್ಟ್‌ನಲ್ಲಿ ಆಗುವ ಸೇರ್ಪಡೆ ಆಕಸ್ಮಿಕ. ಮಾನವನಲ್ಲಿ ಆಗುವುದು ನಿಯತ.

ಉಪಯೋಗ ಮತ್ತು ಎಚ್ಚರಿಕೆ

ಸೆಲೆನಿಯಮ್ ಲವಣವಿರುವ ಮಾಧ್ಯಮದಲ್ಲಿ ಬೆಳೆಸಿದ ಯೀಸ್ಟ್ ಆ ಲವಣವನ್ನು ಬಹುಪಾಲು ಸೆಲೆನೊಮೆಥಿಯೊನಿನ್ ಆಗಿ ತನ್ನ ಪ್ರೊಟೀನುಗಳಲ್ಲಿ ಸಂಗ್ರಹಿಸುತ್ತದೆ. ಇದನ್ನು ಒಣಗಿಸಿ ಪಶು ಆಹಾರದಲ್ಲಿಯೂ ಪೂರಕ ಮಾತ್ರೆಗಳಲ್ಲಿಯೂ ಬಳಸುತ್ತಾರೆ. ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೊಗ್ರಾಂ ಸೆಲೆನಿಯಮ್ ಸಾಕು. ಗರಿಷ್ಠ ಮಿತಿ 400 ಮೈಕ್ರೊಗ್ರಾಂ. ಮಿತಿಮೀರಿದ ಸೇವನೆ ದೀರ್ಘಕಾಲ ಮುಂದುವರಿದರೆ ಕೂದಲು ಉದುರುವುದು, ಉಗುರು ಮುರಿಯುವುದು ಮೊದಲಾದ ವಿಷಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಅಗತ್ಯಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದಾಗಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಇಂತಹ ಮಾತ್ರೆಗಳನ್ನು ಸೇವಿಸುವುದು ಸರಿಯಲ್ಲ.