ಹಳದಿ ದೀಪದ ಹಿಂದಿನ ಅಪನಂಬಿಕೆ

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಎಂಬ ಹಳದಿ ದೀಪ ಹೊತ್ತಿಕೊಂಡರೆ, ಅಥವಾ ಎಂಜಿನ್ನಿನ ಚಿತ್ರವುಳ್ಳ ದೀಪ ಹೊತ್ತಿ ಅದರ ಬೆನ್ನಿಗೇ ವಾಹನದ ಪಿಕಪ್ ಸತ್ತುಹೋದರೆ, ಯಾವುದೋ ದುಬಾರಿ ಭಾಗ ಕೆಟ್ಟಿದೆ ಎಂದು ತಿಳಿಯುವುದು ವಾಡಿಕೆ. ವಾಸ್ತವದಲ್ಲಿ ಆ ಎರಡೂ ಸಂದರ್ಭಗಳಲ್ಲಿ ನಡೆದಿರುವುದು ಒಂದು ತೀರ್ಮಾನ: ವಾಹನದೊಳಗಿನ ಸಣ್ಣ ಗಣಕವು ತನಗೆ ಬರುತ್ತಿರುವ ಯಾವುದೋ ಅಳತೆಯನ್ನು ಇನ್ನು ನಂಬಲಾಗದೆಂದು ನಿಶ್ಚಯಿಸಿ, ಅದಿಲ್ಲದೆಯೇ ಅಪಾಯವಾಗದಂತೆ ವರ್ತಿಸತೊಡಗಿರುತ್ತದೆ. ಬ್ರೇಕಿನ ಗಣಕಕ್ಕೆ ಇಂಥ ಸ್ಥಿತಿಯಲ್ಲಿ ಕೆಲಸದಿಂದ ಪೂರ್ತಿ ಹಿಂದೆ ಸರಿಯುವ ಅನುಕೂಲವಿದೆ, ಏಕೆಂದರೆ ಅದು ಸುಮ್ಮನಾದರೂ ಪೆಡಲು, ಬ್ರೇಕ್ ಆಯಿಲ್ ಮತ್ತು ಪ್ಯಾಡುಗಳ ಸಾಮಾನ್ಯ ಬ್ರೇಕು ಹಾಗೆಯೇ ಉಳಿಯುತ್ತದೆ. ಎಂಜಿನ್ನಿನ ಗಣಕಕ್ಕೆ ಆ ಅನುಕೂಲವಿಲ್ಲ. ಅದು ಸರಿದು ನಿಂತರೆ ವಾಹನವೇ ನಿಂತುಬಿಡುವುದರಿಂದ, ತನ್ನ ಸ್ಮರಣೆಯಲ್ಲಿರುವ ಅಂದಾಜು ಅಂಕಿಗಳನ್ನು ನೆಚ್ಚಿ, ಇಂಧನವನ್ನು ಮೊಟಕುಗೊಳಿಸಿ, ಗ್ಯಾರೇಜು ಮುಟ್ಟುವಷ್ಟು ಮಟ್ಟಿಗೆ ಓಡಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಎಂದು ಹೆಸರು. ಕನ್ನಡದಲ್ಲಿ ಕುಂಟುನಡೆ ಎನ್ನಬಹುದು. ಆದ್ದರಿಂದ ದೋಷ ಹುಡುಕುವುದೆಂದರೆ ಗಣಕವು ಯಾವ ಸಾಕ್ಷಿಯನ್ನು, ಏಕೆ ನಂಬಲಿಲ್ಲ ಎಂಬುದನ್ನು ಪತ್ತೆಮಾಡುವುದು.

ಬ್ರೇಕಿನ ವಿಷಯವನ್ನು ಮೊದಲು ನೋಡಬೇಕು. ಚಕ್ರವು ವಾಹನದ ವೇಗಕ್ಕಿಂತ ಶೇಕಡಾ 10ರಿಂದ 20ರಷ್ಟು ನಿಧಾನವಾಗಿ ಸುತ್ತುವಾಗ ಸಾಮಾನ್ಯ ರಸ್ತೆಯ ಮೇಲೆ ಟೈರಿನ ಹಿಡಿತ ಹೆಚ್ಚುಕಡಿಮೆ ಗರಿಷ್ಠವಾಗಿರುತ್ತದೆ. ಅದಕ್ಕೂ ಮೀರಿ ಚಕ್ರ ಬಿಗಿದು ನಿಂತರೆ ಹಿಡಿತ ಕುಗ್ಗುವುದಲ್ಲದೆ ಸ್ಟೀರಿಂಗ್ ತಿರುಗಿಸಿಯೂ ಪ್ರಯೋಜನವಿರುವುದಿಲ್ಲ. ಚಕ್ರ ಬಿಗಿಯುವ ಸುಳಿವು ಸಿಕ್ಕ ಕೂಡಲೇ ಒತ್ತಡವನ್ನು ಸಡಿಲಿಸಿ, ಮತ್ತೆ ಕೊಟ್ಟು, ಸೆಕೆಂಡಿಗೆ ಹಲವು ಬಾರಿ ಹಾಗೆ ಮಾಡುವುದೇ ಎಬಿಎಸ್‌ನ ಕೆಲಸ. ಈ ಉಪಾಯವನ್ನು 1950ರ ದಶಕದಲ್ಲಿ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನ ವಿಮಾನದ ಚಕ್ರಗಳಲ್ಲಿ ಸಾಧಿಸಿತ್ತು. 1978ರಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ವ್ಯವಸ್ಥೆ ಮರ್ಸಿಡಿಸ್‌ನ ಎಸ್ ಶ್ರೇಣಿಯ ಕಾರಿನಲ್ಲಿ ಬಂದ ಮೇಲೆ ಅದು ಮೋಟಾರು ವಾಹನಗಳ ಸಾಮಾನ್ಯ ಅಂಗವಾಗುವ ದಾರಿ ತೆರೆಯಿತು. ಭಾರತದಲ್ಲಿ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ದುಬಾರಿ ಮಾದರಿಗಳಲ್ಲಿ ಬಂದಿದ್ದ ವ್ಯವಸ್ಥೆಗಳೇ ಈಗ ಮುಪ್ಪಾಗಿ ದೀಪ ಹೊತ್ತಿಸಿಕೊಂಡು ನಿಂತಿರುವವು.

ಈ ವ್ಯವಸ್ಥೆಗೆ ಕಣ್ಣು ಎಂದರೆ ಚಕ್ರದ ವೇಗ ಅಳೆಯುವ ಸೆನ್ಸರ್. ಹಳೆಯ ಬಗೆಯಲ್ಲಿ ಅದು ಆಯಸ್ಕಾಂತದ ಸುತ್ತ ಸುತ್ತಿದ ತಂತಿಯ ಸುರುಳಿಯಷ್ಟೇ. ಅದರ ಮುಂದೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಹಲ್ಲುಗಳುಳ್ಳ ಕಬ್ಬಿಣದ ಬಳೆಯೊಂದು ಚಕ್ರದೊಡನೆ ತಿರುಗುತ್ತದೆ. ಪ್ರತಿ ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಹುಟ್ಟುತ್ತದೆ, ಮತ್ತು ವೇಗ ಹೆಚ್ಚಿದಂತೆ ಆ ಅಲೆಗಳು ಒತ್ತೊತ್ತಾಗುವುದಲ್ಲದೆ ಎತ್ತರವೂ ಆಗುತ್ತವೆ. ವಾಹನ ತೀರ ನಿಧಾನವಾದಾಗ ಅಲೆ ಎಷ್ಟು ಕ್ಷೀಣವಾಗುತ್ತದೆಂದರೆ ಗಣಕಕ್ಕೆ ಅದು ಕಾಣಿಸುವುದೇ ಇಲ್ಲ. ಅಂತರ ಒಂದಿಷ್ಟು ಹೆಚ್ಚಿದರೂ ಅಲೆ ಕುಗ್ಗುತ್ತದೆ. ಆದ್ದರಿಂದ ಸವೆದು ಆಡತೊಡಗಿದ ಬೇರಿಂಗು, ಸೆನ್ಸರಿನ ಕೆಳಗೆ ಬೆಳೆದು ಅದನ್ನು ಮೇಲಕ್ಕೆ ದೂಡುವ ತುಕ್ಕು, ಆಯಸ್ಕಾಂತದ ತುದಿಗೆ ಮೆತ್ತಿಕೊಂಡ ಬ್ರೇಕಿನ ಕಬ್ಬಿಣದ ಪುಡಿ, ಇವೆಲ್ಲವೂ ಸೆನ್ಸರ್ ಕೆಟ್ಟಿದೆ ಎಂಬ ಒಂದೇ ದೂರಾಗಿ ಗಣಕದಲ್ಲಿ ದಾಖಲಾಗುತ್ತವೆ.

ದೀಪ ಯಾವಾಗ ಹೊತ್ತಿತು ಎಂಬುದು ಇಲ್ಲಿ ಬಹಳ ಮುಖ್ಯವಾದ ಸುಳಿವು, ಮತ್ತು ಅದನ್ನು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ. ಕೀಲಿ ತಿರುಗಿಸಿದಾಗ ಗಣಕವು ತನ್ನ ವೈರುಗಳನ್ನೂ ಕವಾಟಗಳನ್ನೂ ವಿದ್ಯುತ್ತಿನ ಮಟ್ಟಿಗೆ ಪರೀಕ್ಷಿಸಿಕೊಂಡು ಕೆಲವೇ ಸೆಕೆಂಡುಗಳಲ್ಲಿ ದೀಪವನ್ನು ಆರಿಸುತ್ತದೆ. ಆಗ ಅದು ಆರದೆಯೇ ಉಳಿದರೆ ತುಂಡಾದ ವೈರು, ಸುಟ್ಟ ಫ್ಯೂಸು, ಕೆಟ್ಟ ರಿಲೇ ಅಥವಾ ಗಣಕದ ಒಳಗಣ ದೋಷವನ್ನು ಶಂಕಿಸಬೇಕು. ದೀಪ ಆರಿ, ವಾಹನ ಒಂದಿಷ್ಟು ದೂರ ಓಡಿದ ಮೇಲೆ ಮತ್ತೆ ಹೊತ್ತಿದರೆ ವೈರು ಬಹುಶಃ ಸರಿಯಿದೆ, ಆದರೆ ಉಳಿದ ಚಕ್ರಗಳು ಓಡುತ್ತಿರುವಾಗ ಒಂದು ಚಕ್ರದ ಅಲೆ ಮಾತ್ರ ಬರುತ್ತಿಲ್ಲ ಎಂದು ಅರ್ಥ. ಮಲ್ಟಿಮೀಟರ್ ಇದ್ದರೆ ಸುರುಳಿಯ ರೋಧವನ್ನು ಅಳೆಯಬಹುದು. ಹಳೆಯ ಬಗೆಯ ಸೆನ್ಸರುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಕಿಲೋ ಓಮ್‌ನ ಆಸುಪಾಸಿನಲ್ಲಿರುತ್ತದೆ, ಆದರೆ ಪುಸ್ತಕದ ಅಂಕಿಗಿಂತ ಎಡಬಲಗಳ ಹೋಲಿಕೆಯೇ ಹೆಚ್ಚು ವಿಶ್ವಾಸಾರ್ಹ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ಎಸಿ ವೋಲ್ಟೇಜನ್ನು ಅಳೆದರೆ ಸುರುಳಿ, ಅಂತರ, ಬಳೆ ಮೂರರ ಆರೋಗ್ಯವೂ ಒಟ್ಟಿಗೆ ತಿಳಿಯುತ್ತದೆ. ಹೊಸ ಬಗೆಯ, ಒಳಗೆ ಚಿಪ್ ಇರುವ ಸೆನ್ಸರುಗಳಿಗೆ ಮಾತ್ರ ಈ ರೋಧದ ಪರೀಕ್ಷೆ ಸಲ್ಲದು.

ಗಣಕ ನಂಬದೆ ಹೋಗುವುದಕ್ಕಿಂತ ಅದು ನಂಬಬಾರದ್ದನ್ನು ನಂಬುವ ಪ್ರಸಂಗ ಇನ್ನೂ ವಿಚಿತ್ರವಾದದ್ದು. ಕರಾವಳಿಯ ಉಪ್ಪುಗಾಳಿಯಲ್ಲೋ ಮಲೆನಾಡಿನ ಕೆಸರಿನಲ್ಲೋ ವರ್ಷಗಟ್ಟಲೆ ಓಡಿದ ವಾಹನದಲ್ಲಿ ಹಲ್ಲುಬಳೆಯ ಅಡಿಯಲ್ಲಿ ತುಕ್ಕು ಹಿಗ್ಗಿ, ಬಳೆ ಒಂದು ಕಡೆ ಸೀಳುತ್ತದೆ. ಬಳೆಗೆ 48 ಹಲ್ಲುಗಳಿದ್ದು ಟೈರಿನ ಸುತ್ತಳತೆ 1.9 ಮೀಟರ್ ಎಂದಿಟ್ಟುಕೊಂಡರೆ ಒಂದೊಂದು ಹಲ್ಲಿಗೂ ರಸ್ತೆಯ ಸುಮಾರು 4 ಸೆಂಟಿಮೀಟರ್ ಸಲ್ಲುತ್ತದೆ. ಸೀಳಿರುವಲ್ಲಿ ಎರಡು ಹಲ್ಲುಗಳ ನಡುವೆ ತೆರಪು ಹೆಚ್ಚಾಗುವುದರಿಂದ ಮುಂದಿನ ಅಲೆ ತಡವಾಗಿ ಬಂದು, ಚಕ್ರ ದಿಢೀರನೆ ನಿಧಾನವಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಸಿಗ್ನಲಿನ ಬಳಿ ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಒತ್ತಿ ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲು ಗರಗರನೆ ನಡುಗಿ ವಾಹನ ಒಂದು ಅಡಿ ಮುಂದಕ್ಕೆ ಸರಿಯುವುದು ಈ ಭ್ರಮೆಯಿಂದಲೇ. ದೀಪ ಹೊತ್ತದಿರಬಹುದು, ಗಣಕದಲ್ಲಿ ದೋಷದ ಕೋಡ್ ಕೂಡ ದಾಖಲಾಗದಿರಬಹುದು, ಆ ಕೋಡುಗಳನ್ನು ಓದುವ ಸ್ಕ್ಯಾನರ್ ಎಲ್ಲವೂ ಸರಿಯಿದೆ ಎನ್ನಬಹುದು. ಇಲ್ಲಿ ಬೇಕಾದದ್ದು ಟಾರ್ಚು ಹಿಡಿದು ಬಳೆಯನ್ನು ಒಂದು ಪೂರ್ತಿ ಸುತ್ತು ನೋಡುವ ತಾಳ್ಮೆ ಮಾತ್ರ.

ಕೋಡ್ ಎಂದರೆ ಗಣಕವು ತನ್ನ ಅಪನಂಬಿಕೆಯನ್ನು ಬರೆದಿಡುವ ಅಂಕಿತ. ಪಿ ಅಕ್ಷರದಿಂದ ಆರಂಭವಾದದ್ದು ಎಂಜಿನ್ ಮತ್ತು ಗೇರುಗಳಿಗೆ, ಸಿ ಎಂಬುದು ಬ್ರೇಕು ಮತ್ತು ಸ್ಟೀರಿಂಗಿಗೆ, ಯು ಎಂಬುದು ಗಣಕಗಳ ನಡುವಣ ಸಂಪರ್ಕಕ್ಕೆ ಸಂಬಂಧಿಸಿದ್ದು. ಪೇಟೆಯಲ್ಲಿ ಸಿಗುವ ಅಗ್ಗದ ಸ್ಕ್ಯಾನರುಗಳು ಹಳೆಯ ವಾಹನಗಳಲ್ಲಿ ಎಬಿಎಸ್ ಕೋಡುಗಳನ್ನು ಸಾಮಾನ್ಯವಾಗಿ ಓದಲಾರವು. ಅದಕ್ಕೆ ಕಾರಣ ತಾಂತ್ರಿಕ ಎನ್ನುವುದಕ್ಕಿಂತ ಕಾನೂನಿನದು. ಅಮೆರಿಕದಲ್ಲಿ 1996ರ ಮಾದರಿಗಳಿಂದ, ಭಾರತದಲ್ಲಿ 2013ರಿಂದ ಜಾರಿಯಾದ ಒಬಿಡಿ 2 ನಿಯಮ ಹುಟ್ಟಿದ್ದು ಹೊಗೆ ನಿಯಂತ್ರಣಕ್ಕಾಗಿ, ಆದ್ದರಿಂದ ಅದು ಎಂಜಿನ್ನಿನ ಕೋಡುಗಳು ಎಲ್ಲರಿಗೂ ಓದಲು ಸಿಗಬೇಕೆಂದು ವಿಧಿಸಿತೇ ಹೊರತು ಬ್ರೇಕಿನ ಕೋಡುಗಳನ್ನು ತಯಾರಕರ ಇಷ್ಟಕ್ಕೇ ಬಿಟ್ಟಿತು. ಅದಕ್ಕೂ ಹಿಂದಿನ ಹಲವು ಕಾರುಗಳಲ್ಲಿ ಎರಡು ಪಿನ್ನುಗಳನ್ನು ತಂತಿಯಿಂದ ಜೋಡಿಸಿ, ದೀಪ ಎಷ್ಟು ಬಾರಿ ಮಿಟುಕಿತೆಂದು ಎಣಿಸಿ ಕೋಡನ್ನು ತಿಳಿಯಬೇಕಿತ್ತು.

ಕುಂಟುನಡೆಗೆ ಇಲ್ಲಿನ ರಸ್ತೆಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಟರ್ಬೊ ಇರುವ ಡೀಸೆಲ್ ವಾಹನ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು. ಗಣಕವು ತಾನು ಕೇಳಿದ ಒತ್ತಡವನ್ನೂ ನಿಜವಾಗಿ ಬಂದ ಒತ್ತಡವನ್ನೂ ಸದಾ ಹೋಲಿಸುತ್ತಿರುತ್ತದೆ. ತುಂಬಿದ ವಾಹನ ಶಿರಾಡಿ ಘಾಟಿ ಹತ್ತುವಾಗ ಆ ಎರಡರ ಅಂತರ ಕೆಲವು ಸೆಕೆಂಡು ಹಾಗೆಯೇ ಉಳಿದರೆ ಶಕ್ತಿ ಕಡಿತವಾಗುತ್ತದೆ; ಎಂಜಿನ್ ಆರಿಸಿ ಮತ್ತೆ ಹೊತ್ತಿಸಿದರೆ ಎಲ್ಲ ಸರಿಯಾದಂತೆ ಕಂಡು, ಮುಂದಿನ ಏರಿನಲ್ಲಿ ಅದೇ ಕಥೆ. ಪಿ0299 ಎಂಬ ಕೋಡ್ ಒತ್ತಡ ಸಾಲದೆಂದೂ ಪಿ0234 ಒತ್ತಡ ಮಿತಿಮೀರಿತೆಂದೂ ಹೇಳುತ್ತವೆ. ಮೊದಲನೆಯದಕ್ಕೆ ಸೀಳಿದ ಗಾಳಿಕೊಳವೆ, ಬಿರುಕುಬಿಟ್ಟ ನಿರ್ವಾತದ ಸಣ್ಣ ರಬ್ಬರ್ ಪೈಪು, ಕಟ್ಟಿಕೊಂಡ ಗಾಳಿ ಫಿಲ್ಟರ್ ಇವುಗಳನ್ನು ಮೊದಲು ನೋಡಬೇಕು. ಎರಡನೆಯದಕ್ಕೆ ಹೆಚ್ಚಾಗಿ ಕಾರಣವಾಗುವುದು ಟರ್ಬೊದೊಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಂಡಿರುವುದು. ಒತ್ತಡದ ಸೆನ್ಸರನ್ನೇ ಶಂಕಿಸುವವರು ಎಂಜಿನ್ ಓಡಿಸದೆ ಕೀಲಿಯನ್ನಷ್ಟೇ ತಿರುಗಿಸಿ ಸ್ಕ್ಯಾನರಿನಲ್ಲಿ ಅದರ ಅಂಕಿಯನ್ನು ನೋಡಬಹುದು: ಮಂಗಳೂರಿನಲ್ಲಿ ಅದು ಸುಮಾರು 101, ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್ ತೋರಿಸಿದರೆ, ಆ ಊರಿನ ಗಾಳಿಯ ಒತ್ತಡವನ್ನೇ ಸರಿಯಾಗಿ ಹೇಳುತ್ತಿದೆ ಎಂದಾಯಿತು. ಇಷ್ಟು ಸುಲಭದ ಪರೀಕ್ಷೆ ಮಾಡದೆ ಟರ್ಬೊ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮತ್ತು ಆ ಬರೆಗೆ ಸಾವಿರಗಟ್ಟಲೆ ರೂಪಾಯಿ ತಗಲುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನ ಎರಡು ಸೆನ್ಸರುಗಳು ಪರಸ್ಪರ ಹೊಂದದೆ ಹೋದಾಗ ಶಕ್ತಿ ಕಡಿತವಾಗುವುದೂ, ಆಟೊಮ್ಯಾಟಿಕ್ ಗೇರಿನವುಗಳಲ್ಲಿ ಗೇರು ಎರಡಕ್ಕೋ ಮೂರಕ್ಕೋ ಅಂಟಿ ನಿಲ್ಲುವುದೂ ಇದೇ ಬಗೆಯ ರಕ್ಷಣೆಗಳು.

ಎರಡು ದೀಪಗಳೂ ಒಟ್ಟಿಗೆ ಹೊತ್ತಿದರೆ ಎರಡು ರೋಗಗಳಿವೆ ಎಂದು ತಿಳಿಯುವುದು ಅವಸರವಾದೀತು. ಚಕ್ರದ ವೇಗವನ್ನು ಎಬಿಎಸ್ ಗಣಕದಿಂದಲೇ ಎಂಜಿನ್ ಗಣಕ ಪಡೆಯುವ ವಾಹನಗಳಿವೆ. ಬ್ರೇಕ್ ಪೆಡಲಿನ ಮೇಲಿರುವ ಸಣ್ಣ ಸ್ವಿಚ್ಚು ಇಬ್ಬರಿಗೂ ಸುದ್ದಿ ಕೊಡುತ್ತದೆ. ಬ್ಯಾಟರಿಯೂ ಅರ್ಥಿಂಗೂ ಇಬ್ಬರಿಗೂ ಒಂದೇ. ಇಳಿವಯಸ್ಸಿನ ವಾಹನದಲ್ಲಿ ಅರ್ಥಿಂಗ್ ವೈರು ಬಾಡಿಗೆ ಸೇರುವ ಬೋಲ್ಟಿನಡಿ ತುಕ್ಕು ಕೂತರೆ ಒಂದರ ಹಿಂದೊಂದು ಸಂಬಂಧವಿಲ್ಲದಂತೆ ಕಾಣುವ ಕೋಡುಗಳು ಸಾಲುಗಟ್ಟುತ್ತವೆ. ಎಂಜಿನ್ ಓಡುತ್ತ, ಹೆಡ್‌ಲೈಟು ಉರಿಯುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಗಣಕದ ಅರ್ಥಿಂಗ್ ಪಿನ್ನಿಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ತೋರಿದರೆ ಆ ಜೋಡಣೆಯನ್ನು ಉಜ್ಜಿ ಬಿಗಿಯುವುದೇ ಮೊದಲ ಕೆಲಸ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಕೂರಲು ಬರುವ ಇಲಿಗಳ ಕೈಚಳಕವನ್ನೂ ಈ ಹಂತದಲ್ಲೇ ನೋಡಿಕೊಳ್ಳುವುದು ಲೇಸು.

ಕೋಡನ್ನು ಅಳಿಸುವುದು ರಿಪೇರಿಯಲ್ಲ. ಅಳಿಸುವ ಮುನ್ನ ಅದರ ಅಂಕಿಯನ್ನೂ, ದೋಷ ಕಂಡ ಕ್ಷಣದ ವೇಗ ಮತ್ತು ಎಂಜಿನ್ನಿನ ಬಿಸಿಯಂತಹ ವಿವರಗಳನ್ನೂ, ದೀಪ ಹೊತ್ತಿದ್ದು ಕೀಲಿ ತಿರುಗಿಸಿದಾಗಲೋ, ಓಡತೊಡಗಿದ ಮೇಲೋ, ಏರು ಹತ್ತುವಾಗಲೋ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕಿನ ಕೈಗಿಡುವುದು ಒಳ್ಳೆಯದು. ಹಳದಿ ಎಬಿಎಸ್ ದೀಪದ ಜೊತೆಗೆ ಬ್ರೇಕಿನ ಕೆಂಪು ದೀಪವೂ ಹೊತ್ತಿದ್ದರೆ ಮಾತ್ರ ಬರೆಯುತ್ತ ಕೂರುವ ಹೊತ್ತಲ್ಲ. ಬ್ರೇಕ್ ಆಯಿಲ್ ತೀರ ಇಳಿದಿರಬಹುದು, ಇಲ್ಲವೇ ಹಿಂದಿನ ಚಕ್ರಗಳಿಗೆ ಒತ್ತಡವನ್ನು ಮಿತವಾಗಿ ಹಂಚುವ ವ್ಯವಸ್ಥೆಯೂ ಕೈಬಿಟ್ಟಿರಬಹುದು, ಆದ್ದರಿಂದ ಆ ವಾಹನವನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು.