ಹೊಲಿದ ಹೆಗಲಿನ ಚಿತ್ರ

ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳ ನೆರೆಯಲ್ಲೇ ನಾರಾಯಣ ಹೃದಯಾಲಯದಂಥ ದೊಡ್ಡ ಆಸ್ಪತ್ರೆಗಳಿವೆ. ಅಂಥ ಊರಿನಲ್ಲಿ ದುಡಿಯುವ ಎಷ್ಟೋ ಜನರಿಗೆ ಹೆಗಲೇ ಬಂಡವಾಳ. ಆ ಹೆಗಲಿಗೆ ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳಿಗೆ ಎಂ.ಆರ್.ಐ. ಚಿತ್ರ ತೆಗೆಸಿದಾಗ, ವರದಿಯಲ್ಲಿ ‘ಮತ್ತೆ ಹರಿದಿರಬಹುದು’ ಎಂದಿದ್ದರೆ ಓದಿದವನ ಎದೆ ಝಲ್ಲೆನ್ನದೆ ಇದ್ದೀತೇ? ಆದರೆ ಹೊಲಿದ ಹೆಗಲಿನ ಚಿತ್ರವನ್ನು ಓದುವ ಕ್ರಮವೇ ಬೇರೆ.

ತೊಡೆಯ ಕೀಲು ಒರಳಿನಲ್ಲಿ ಕುಳಿತ ಗುಂಡಿನಂತೆ ಭದ್ರ. ಹೆಗಲಿನ ಗುಂಡಾದರೋ ಆಳವಿಲ್ಲದ ತಟ್ಟೆಗೆ ಒರಗಿ ನಿಂತಿದೆ. ಅದು ಜಾರದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ತಬ್ಬಿ ಹಿಡಿದಿವೆ. ರಜ್ಜು ಹರಿದಾಗ ವೈದ್ಯರು ಮೂಳೆಯಲ್ಲಿ ಪುಟ್ಟ ಮೊಳೆಯಂಥ ಆಧಾರಗಳನ್ನು ನೆಟ್ಟು, ದಾರದಿಂದ ಅದನ್ನು ಬಿಗಿಯುತ್ತಾರೆ.

ಎಂ.ಆರ್.ಐ. ಯಂತ್ರದಲ್ಲಿ ಕ್ಷಕಿರಣಗಳಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ೧.೫ ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು ೩೦,೦೦೦ ಪಟ್ಟು ಪ್ರಬಲ. ಅದರೊಳಗೆ ದೇಹದ ನೀರು, ಕೊಬ್ಬುಗಳಲ್ಲಿರುವ ಜಲಜನಕದ ಬೀಜಗಳು ರೇಡಿಯೋ ಅಲೆಗೆ ಓಗೊಡುತ್ತವೆ; ಈ ಮಾತನ್ನು ನಿಮ್ಮ ಮನೆಗೆ ಹೊತ್ತು ತರುವ ಅಲೆಗಳೂ ಅದೇ ಜಾತಿಯವು. ಆ ಓಗೊಡುವಿಕೆಯನ್ನು ಚಿತ್ರವಾಗಿಸುವ ದಾರಿಯನ್ನು ೧೯೭೩ರಲ್ಲಿ ಪಾಲ್ ಲಾಟರ್‌ಬರ್ ತೋರಿದರು. ೨೦೦೩ರಲ್ಲಿ ಅವರೂ ಪೀಟರ್ ಮ್ಯಾನ್ಸ್‌ಫೀಲ್ಡರೂ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಆರೋಗ್ಯವಂತ ರಜ್ಜು ಈ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೊಲಿದ ರಜ್ಜು ಮಾಯುವಾಗ ಹೊಸ ರಕ್ತನಾಳಗಳೂ ತೇವವೂ ಕೂಡಿ ಬೂದುಬಣ್ಣ ತಾಳುತ್ತದೆ. ಹಲವು ತಿಂಗಳು, ಕೆಲವೊಮ್ಮೆ ವರ್ಷ ಕಳೆದರೂ ಹಾಗೆಯೇ ಇರಬಹುದು. ಅದು ಹರಿದ ಗುರುತಲ್ಲ. ನೀರಿನಷ್ಟೇ ಬೆಳ್ಳಗಿನ ಗೆರೆ ರಜ್ಜುವಿನ ಪೂರ್ತಿ ದಪ್ಪವನ್ನು ಸೀಳಿ ಹೋಗಿದ್ದರೆ ಮಾತ್ರ ಸಂಶಯ ಬಲವಾಗುತ್ತದೆ. ಇನ್ನು ಲೋಹ. ಅದರ ಸುತ್ತ ಕಾಂತಕ್ಷೇತ್ರ ಕದಡಿ ಚಿತ್ರದಲ್ಲಿ ಕಪ್ಪು ಕಲೆ ಮೂಡುತ್ತದೆ. ಉಪಕರಣಗಳಿಂದ ಉದುರಿದ, ಕಣ್ಣಿಗೆ ಕಾಣದ ಲೋಹದ ಪುಡಿಯೂ ಇದಕ್ಕೆ ಸಾಕು. ಕ್ಷೇತ್ರ ಪ್ರಬಲವಾದಷ್ಟೂ ಕಲೆ ಹಿರಿದು.

ಇಷ್ಟಾದರೂ ವಿಚಿತ್ರವೊಂದುಂಟು. ಚಿತ್ರದಲ್ಲಿ ಬಿರುಕು ನಿಜವಾಗಿಯೇ ಕಂಡರೂ ನೋವಿಲ್ಲದೆ ಕೈ ಎತ್ತಿ ಬದುಕು ನಡೆಸುವವರು ಅನೇಕರು. ಆದುದರಿಂದಲೇ ಅನುಭವಿ ವೈದ್ಯರು ರೋಗಿಯ ಕೈ ಎತ್ತಿಸಿ, ಬಲವನ್ನು ಪರೀಕ್ಷಿಸಿ, ಅದರೊಡನೆ ಚಿತ್ರವನ್ನು ಹೋಲಿಸಿ ತೀರ್ಮಾನಿಸುತ್ತಾರೆ. ಚಿತ್ರ ತೆಗೆಸಲು ಹೋಗುವವರು ಶಸ್ತ್ರಚಿಕಿತ್ಸೆಯ ದಿನಾಂಕ, ಅಳವಡಿಸಿದ ವಸ್ತುಗಳ ವಿವರ, ಹಳೆಯ ಚಿತ್ರಗಳು ಇವಿಷ್ಟನ್ನೂ ಜೊತೆಯಲ್ಲಿ ಒಯ್ಯಬೇಕು. ವರದಿಯ ಒಂದು ಸಾಲಿಗೆ ಹೆದರಿ ಕೆಲಸ ಬಿಡುವ ಮುನ್ನ, ಆ ಸಾಲನ್ನು ಹೆಗಲು ಹೊಲಿದ ವೈದ್ಯರೆದುರು ಇಡಬೇಕು.